ಸುಡುವ ಎಣ್ಣೆಯಿಂದ ಕೋಶಕೇಂದ್ರದವರೆಗೆ: ಗೇರುಸಿಪ್ಪೆಯ ಅನಾಕಾರ್ಡಿಕ್ ಆಮ್ಲ ಮತ್ತು ಕ್ಯಾನ್ಸರ್ ಸಂಶೋಧನೆಯ ಚರಿತ್ರೆ

ಪೀಠಿಕೆ

ಕ್ಯಾನ್ಸರ್ ಕೋಶವನ್ನು ಕೊಲ್ಲುವ ಗಿಡಮೂಲಿಕೆ ಸಿಕ್ಕಿತು ಎಂಬ ಸುದ್ದಿ ಪತ್ರಿಕೆಗಳಲ್ಲೂ ವಾಟ್ಸಾಪ್ ಸಂದೇಶಗಳಲ್ಲೂ ಆಗಾಗ ಬರುತ್ತದೆ. ಆ ಸುದ್ದಿಯ ಹಿಂದೆ ನಡೆದ ಪ್ರಯೋಗ ಯಾವುದು, ಅದು ಗಾಜಿನ ತಟ್ಟೆಯಲ್ಲಿ ನಡೆದದ್ದೋ ಇಲಿಯ ಮೇಲೋ ಮನುಷ್ಯರ ಮೇಲೋ, ವಸ್ತುವಿನ ಪ್ರಮಾಣ ಎಷ್ಟಿತ್ತು ಎಂಬ ವಿವರ ಮಾತ್ರ ಓದುಗರಿಗೆ ತಲುಪುವುದು ಅಪರೂಪ. ಈ ಲೇಖನ ಕರಾವಳಿಗೆ ತೀರ ಪರಿಚಿತವಾದ ಒಂದು ಸಸ್ಯವಸ್ತುವನ್ನು ಆರಿಸಿಕೊಂಡು, ಅದು ಕೈ ಸುಡುವ ಎಣ್ಣೆಯಾಗಿ ಗುರುತಾದ ಕಾಲದಿಂದ ಕ್ಯಾನ್ಸರ್ ಸಂಶೋಧನೆಯ ಸಾಧನವಾದ ಕಾಲದವರೆಗಿನ ಹಾದಿಯನ್ನು ಹಿಂಬಾಲಿಸುತ್ತದೆ. ಆ ವಸ್ತು ಗೇರುಬೀಜದ ಸಿಪ್ಪೆಯಲ್ಲಿರುವ ಅನಾಕಾರ್ಡಿಕ್ ಆಮ್ಲ.

ಅಧ್ಯಯನದ ಭೌಗೋಳಿಕ ನೆಲೆ ಉಡುಪಿ ಜಿಲ್ಲೆ. ಕಾರ್ಕಳ ಗೇರುಬೀಜ ಸಂಸ್ಕರಣೆಯ ಕೇಂದ್ರ. ಕಾಪುವಿನಿಂದ ಮಲ್ಪೆಯವರೆಗಿನ ಕಡಲ ತಡಿ ಮರದ ದೋಣಿಗಳ ನಾಡು. ಉಡುಪಿಯ ಕುತ್ಪಾಡಿಯಲ್ಲಿ ಆಯುರ್ವೇದ ಶಿಕ್ಷಣದ ಪರಂಪರೆ ಇದೆ. ಮಣಿಪಾಲದಲ್ಲಿ 1953ರಲ್ಲಿ ಡಾ. ಟಿ. ಎಂ. ಎ. ಪೈ ಅವರು ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಇದೆ. ಇದರ ಜೊತೆಗೆ ಬೆಂಗಳೂರಿನ ಜಕ್ಕೂರು ಮತ್ತು ಮೈಸೂರಿನ ಪ್ರಯೋಗಾಲಯಗಳ ಕೆಲಸವನ್ನೂ ಸೇರಿಸಿಕೊಂಡರೆ ಮಾತ್ರ ಚಿತ್ರ ಪೂರ್ಣವಾಗುತ್ತದೆ.

ಲೇಖನದ ವಾದ ಇಷ್ಟು: ಕೈಯ ಚರ್ಮವನ್ನು ಸುಡುವ ಗುಣವೂ ತಟ್ಟೆಯಲ್ಲಿನ ಕ್ಯಾನ್ಸರ್ ಕೋಶವನ್ನು ಕೊಲ್ಲುವ ಗುಣವೂ ಬೇರೆ ಬೇರೆಯೆಂದು ತಿಳಿಯುವಂತಿಲ್ಲ. ಎರಡರ ಬುಡದಲ್ಲಿಯೂ ಜೀವಕೋಶದ ಪೊರೆಗೂ ಪ್ರೋಟೀನುಗಳಿಗೂ ಸುಲಭವಾಗಿ ಅಂಟಿಕೊಳ್ಳುವ ಅಣುರಚನೆಯಿದೆ. ಹಾಗಾಗಿ ಈ ವಸ್ತುವಿನ ಬಗ್ಗೆ ಕೇಳಬೇಕಾದ ಮುಖ್ಯ ಪ್ರಶ್ನೆ ಅದು ಕೊಲ್ಲುತ್ತದೆಯೇ ಎಂಬುದಲ್ಲ, ಕ್ಯಾನ್ಸರ್ ಕೋಶವನ್ನೂ ಆರೋಗ್ಯವಂತ ಕೋಶವನ್ನೂ ಬೇರ್ಪಡಿಸಿ ನೋಡುತ್ತದೆಯೇ ಎಂಬುದು. ಕಳೆದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಸಂಶೋಧನೆಯನ್ನು ಈ ಒಂದು ಪ್ರಶ್ನೆಯ ಬೆಳಕಿನಲ್ಲಿ ಓದಬಹುದು.

ಗೇರು ಕರಾವಳಿಗೆ ಬಂದದ್ದು

ಗೇರುಮರದ ತವರು ಬ್ರೆಜಿಲ್ ದೇಶದ ಈಶಾನ್ಯ ಭಾಗ. 16ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಭಾರತದ ಪಶ್ಚಿಮ ಕರಾವಳಿಗೆ ತಂದರು. ಪೋರ್ಚುಗೀಸ್ ವೈದ್ಯ ಕ್ರಿಸ್ತೊವಾವ್ ದ ಕೋಸ್ತಾ 1578ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಕೊಚ್ಚಿಯ ತೋಟಗಳಲ್ಲಿ ಈ ಮರವನ್ನು ಕಂಡುದಾಗಿ ದಾಖಲಿಸಿದ್ದಾನೆ. ಬೇರೆ ಬೆಳೆ ಒಲ್ಲದ ಮುರಕಲ್ಲಿನ ಗುಡ್ಡಗಳಲ್ಲೂ ಗೇರು ಬೇರೂರಿತು. ಮಣ್ಣಿನ ಸವಕಳಿ ತಡೆಯುವ ಮರವೆಂದು ಬಂದದ್ದು ನಿಧಾನವಾಗಿ ಆದಾಯದ ಬೆಳೆಯಾಯಿತು.

20ನೇ ಶತಮಾನದ ಆರಂಭದ ದಶಕಗಳಲ್ಲಿ ಮಂಗಳೂರಿನಲ್ಲಿ ಬೀಜ ಸಂಸ್ಕರಣೆ ಉದ್ಯಮವಾಗಿ ಬೆಳೆಯಿತು. ಮುಂದೆ ಅದು ಕಾರ್ಕಳ, ಕುಂದಾಪುರದ ಕಡೆಗೂ ಹರಡಿತು. ಇಂದು ಇಲ್ಲಿನ ಕಾರ್ಖಾನೆಗಳಿಗೆ ಸ್ಥಳೀಯ ಬೆಳೆ ಸಾಲದು. ಆಫ್ರಿಕಾದ ದೇಶಗಳಿಂದ ಕಚ್ಚಾ ಬೀಜ ಹಡಗಿನಲ್ಲಿ ಬರುತ್ತದೆ. ಬೆಳೆಯ ಸಂಶೋಧನೆಗಾಗಿ ದಕ್ಷಿಣ ಕನ್ನಡದ ಪುತ್ತೂರಿನಲ್ಲಿ 1986ರಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಆರಂಭವಾಯಿತು. ಈಗ ಅದು ಗೇರು ಸಂಶೋಧನಾ ನಿರ್ದೇಶನಾಲಯ.

ಬೀಜದ ಫ್ಯಾಕ್ಟರಿಯೊಳಗಿನ ಕೆಲಸವನ್ನು ಹತ್ತಿರದಿಂದ ನೋಡಿದರೆ ನಮ್ಮ ವಿಷಯ ಅಲ್ಲಿಯೇ ಶುರುವಾಗುತ್ತದೆ. ಅಂಗಳದಲ್ಲಿ ಒಣಗಿಸಿದ ಬೀಜವನ್ನು ಹಬೆಯಲ್ಲಿ ಬೇಯಿಸಿ ಆರಲು ಬಿಡುತ್ತಾರೆ. ಮರುದಿನ ಹೆಂಗಸರು ಕಟ್ಟಿಂಗ್ ಮೆಷಿನ್ನಿನ ಮುಂದೆ ಸಾಲಾಗಿ ಕೂರುತ್ತಾರೆ. ಬೀಜವನ್ನು ಎರಡು ಅಲಗುಗಳ ನಡುವೆ ಇಟ್ಟು, ಕಾಲಿನಿಂದ ಮೆಟ್ಟಿ, ಕೈಯಿಂದ ಹಿಡಿ ತಿರುಗಿಸಿದರೆ ಸಿಪ್ಪೆ ಎರಡು ಹೋಳಾಗುತ್ತದೆ. ತಿರುಳನ್ನು ಮೊನೆಯಿಂದ ಎಬ್ಬಿಸಿ ತೆಗೆಯುತ್ತಾರೆ. ಜೇನುಗೂಡಿನಂತೆ ತೂತುತೂತಾಗಿರುವ ಸಿಪ್ಪೆಯ ನಡುಪದರದಿಂದ ಕಂದು ಬಣ್ಣದ ಅಂಟುದ್ರವ ಬೆರಳಿಗೆ ಹತ್ತುತ್ತದೆ. ಅದನ್ನು ತಡೆಯಲು ಕೈಗೆ ಎಣ್ಣೆ ಸವರಿಕೊಳ್ಳುವುದೂ ಬೂದಿ ಹಚ್ಚಿಕೊಳ್ಳುವುದೂ ಹಳೆಯ ರೂಢಿ. ಆದರೂ ಬೆರಳ ತುದಿ ಕಪ್ಪಾಗಿ ಚರ್ಮ ಸುಲಿಯುತ್ತದೆ. ಈ ದ್ರವ ಜೀವಂತ ಕೋಶದ ಮೇಲೆ ಏನು ಮಾಡಬಲ್ಲದು ಎಂಬುದಕ್ಕೆ ಮೊದಲ ಸಾಕ್ಷ್ಯ ಈ ಹೆಂಗಸರ ಕೈಗಳಲ್ಲಿದೆ. ಪ್ರಯೋಗಾಲಯದ ಸಾಕ್ಷ್ಯ ಬಂದದ್ದು ಬಹಳ ತಡವಾಗಿ.

ಕಡಲ ತಡಿಯಲ್ಲಿ ಗೇರೆಣ್ಣೆ ಎನ್ನುವ ಇದೇ ದ್ರವಕ್ಕೆ ಇನ್ನೊಂದು ಬಳಕೆ ಇತ್ತು. ದೋಣಿಯ ಹಲಗೆಗೂ ಮನೆಯ ಮರಮಟ್ಟಿಗೂ ಇದನ್ನು ಹಚ್ಚಿದರೆ ಹುಳು ಹಿಡಿಯದು, ಗೆದ್ದಲು ಹತ್ತಿರ ಬಾರದು. ಕೀಟಕ್ಕೂ ಮನುಷ್ಯನ ಚರ್ಮಕ್ಕೂ ಅದು ಹಾನಿಕರ ಎಂಬುದು ಜನರಿಗೆ ಅನುಭವದಿಂದ ತಿಳಿದಿತ್ತು.

ಎಣ್ಣೆಯೊಳಗಿನ ಆಮ್ಲ

ಈ ಎಣ್ಣೆಯ ರಾಸಾಯನಿಕ ಅಧ್ಯಯನ ಯುರೋಪಿನಲ್ಲಿ ಆರಂಭವಾಯಿತು. ಜರ್ಮನ್ ರಸಾಯನಶಾಸ್ತ್ರಜ್ಞ ಗಿಯೋರ್ಗ್ ಸ್ಟೇಡೆಲರ್ 1847ರಲ್ಲಿ ಗೇರುಸಿಪ್ಪೆಯ ದ್ರವದಿಂದ ಒಂದು ಆಮ್ಲವನ್ನು ಬೇರ್ಪಡಿಸಿದ. ಮರದ ಸಸ್ಯಶಾಸ್ತ್ರೀಯ ಹೆಸರು ಅನಾಕಾರ್ಡಿಯಂ ಆಕ್ಸಿಡೆಂಟೇಲ್ ಆದ್ದರಿಂದ ಆಮ್ಲ ಅನಾಕಾರ್ಡಿಕ್ ಆಮ್ಲವಾಯಿತು. ಬಿಸಿ ತಾಗಿಸದೆ ತೆಗೆದ ಎಣ್ಣೆಯಲ್ಲಿ ಇದರ ಪಾಲೇ ಅತಿ ಹೆಚ್ಚು, ಸುಮಾರು ಶೇ. 60ರಿಂದ 70. ಉಳಿದದ್ದರಲ್ಲಿ ಮುಖ್ಯವಾದದ್ದು ಕಾರ್ಡಾಲ್. ಎಣ್ಣೆಯನ್ನು ಹೆಚ್ಚು ಕಾಯಿಸಿದರೆ ಅನಾಕಾರ್ಡಿಕ್ ಆಮ್ಲ ಇಂಗಾಲದ ಡೈಆಕ್ಸೈಡನ್ನು ಕಳೆದುಕೊಂಡು ಕಾರ್ಡನಾಲ್ ಆಗುತ್ತದೆ. 20ನೇ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಮಾರ್ಟಿಮರ್ ಹಾರ್ವೆ ಮೊದಲಾದವರು ಪೇಟೆಂಟ್ ಪಡೆದು ಬಳಕೆಗೆ ತಂದ ಬ್ರೇಕ್ ಲೈನಿಂಗ್, ಬಣ್ಣ, ರಾಳಗಳ ಉದ್ಯಮಕ್ಕೆ ಬೇಕಾದದ್ದು ಹೀಗೆ ಕಾಯಿಸಿದ ಎಣ್ಣೆ. ಔಷಧ ಸಂಶೋಧನೆಗೆ ಬೇಕಾದದ್ದು ಕಾಯಿಸದ ಎಣ್ಣೆ. ಒಂದೇ ಸಿಪ್ಪೆಯ ಎಣ್ಣೆಯಾದರೂ ತೆಗೆಯುವ ಕ್ರಮ ಬದಲಾದರೆ ಒಳಗಿನ ವಸ್ತುವೇ ಬದಲಾಗುತ್ತದೆ. ಕ್ಯಾನ್ಸರಿಗೆ ಗೇರೆಣ್ಣೆ ಒಳ್ಳೆಯದು ಎಂಬಂಥ ಮಾತಿಗೆ ಅರ್ಥವಿಲ್ಲದಿರುವುದಕ್ಕೆ ಇದೂ ಒಂದು ಕಾರಣ.

ಅನಾಕಾರ್ಡಿಕ್ ಆಮ್ಲದ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆ ಸ್ಯಾಲಿಸಿಲಿಕ್ ಆಮ್ಲದ್ದು, ಅಂದರೆ ಆಸ್ಪಿರಿನ್ ತಯಾರಾಗುವ ಮೂಲವಸ್ತುವಿನದು. ಅದಕ್ಕೆ ನೀರಿನ ಒಲವು. ಬಾಲದಲ್ಲಿ 15 ಇಂಗಾಲದ ಪರಮಾಣುಗಳ ಉದ್ದ ಸರಪಳಿ. ಅದಕ್ಕೆ ಕೊಬ್ಬಿನ ಒಲವು. ಸರಪಳಿಯಲ್ಲಿ ದ್ವಿಬಂಧಗಳು ಇಲ್ಲದಿರಬಹುದು, ಒಂದರಿಂದ ಮೂರರವರೆಗೂ ಇರಬಹುದು. ಹಾಗಾಗಿ ಗೇರುಸಿಪ್ಪೆಯಲ್ಲಿ ಈ ಆಮ್ಲದ ನಾಲ್ಕು ರೂಪಗಳು ಬೆರೆತಿರುತ್ತವೆ. ನೀರಿಗೂ ಕೊಬ್ಬಿಗೂ ಒಗ್ಗುವ ಇಂಥ ಅಣು ಜೀವಕೋಶದ ಪೊರೆಯೊಳಗೆ ನುಗ್ಗಿ ಸಿಕ್ಕಿಕೊಳ್ಳಬಲ್ಲದು, ಪ್ರೋಟೀನಿನ ಕೊಬ್ಬುಪ್ರಿಯ ಕುಳಿಗಳಿಗೆ ಅಂಟಿಕೊಳ್ಳಬಲ್ಲದು. ಕಾರ್ಮಿಕರ ಚರ್ಮ ಸುಡುವುದಕ್ಕೂ ಮುಂದೆ ಹೇಳುವ ಕಿಣ್ವಗಳ ತಡೆಗೂ ಈ ರಚನೆಯೇ ಹಿನ್ನೆಲೆ.

ಭಲ್ಲಾತಕದ ಪಾಠ

ಗೇರು ಹೊರಗಿನಿಂದ ಬಂದ ಮರ. ಆದರೆ ಅದರ ಕುಟುಂಬದ್ದೇ ಆದ ಇನ್ನೊಂದು ಮರ ಮೊದಲಿನಿಂದಲೂ ನಮ್ಮ ಕಾಡುಗಳಲ್ಲಿದೆ. ಅದು ಕರಿಗೇರು, ಆಯುರ್ವೇದದ ಭಲ್ಲಾತಕ. ಅದರ ಕಾಯಿಯ ರಸವೂ ಚರ್ಮದ ಮೇಲೆ ಬೊಬ್ಬೆ ಎಬ್ಬಿಸುತ್ತದೆ. ಅದರೊಳಗಿನ ಭಿಲವನಾಲ್ ಕೂಡ ಉದ್ದ ಸರಪಳಿಯ ಫೀನಾಲ್. ಇಷ್ಟು ಉಗ್ರವಾದ ಕಾಯಿಗೆ ಚರಕ ಸಂಹಿತೆಯ ಚಿಕಿತ್ಸಾಸ್ಥಾನ ರಸಾಯನಗಳಲ್ಲಿ ಸ್ಥಾನ ಕೊಟ್ಟಿದೆ.

ಇಲ್ಲಿ ಗಮನಿಸಬೇಕಾದದ್ದು ಶೋಧನದ ಕ್ರಮ. ಭಲ್ಲಾತಕವನ್ನು ಹಾಗೆಯೇ ಬಳಸುವುದಿಲ್ಲ. ಕಾಯಿಯ ತೊಟ್ಟಿನ ಭಾಗ ತೆಗೆದು, ಇಟ್ಟಿಗೆ ಪುಡಿಯಲ್ಲಿ ಹಾಕಿ ತಿಕ್ಕಿ, ಎಣ್ಣೆಯನ್ನು ಪುಡಿ ಹೀರಿಕೊಂಡ ಮೇಲೆ ತೊಳೆದು ಔಷಧಕ್ಕೆ ತೆಗೆದುಕೊಳ್ಳುತ್ತಾರೆ. ಬೊಬ್ಬೆ ಎಬ್ಬಿಸುವ ಇನ್ನೊಂದು ಮೂಲಿಕೆ ಚಿತ್ರಮೂಲ. ಅದರ ಬೇರನ್ನು ಸುಣ್ಣದ ತಿಳಿನೀರಿನಲ್ಲಿ ಶೋಧಿಸುತ್ತಾರೆ. ವಸ್ತುವಿನಲ್ಲಿ ಶಕ್ತಿ ಇದೆ, ಆದರೆ ಅದು ಪಾತ್ರಾಪಾತ್ರ ನೋಡದು, ಆದ್ದರಿಂದ ಬಳಸುವ ಮೊದಲು ಅದನ್ನು ಹದಕ್ಕೆ ತರಬೇಕು ಎಂಬ ತಿಳಿವಳಿಕೆ ಈ ಕ್ರಮಗಳಲ್ಲಿದೆ. ಭಲ್ಲಾತಕದ ತಯಾರಿಕೆಗಳು ಇಲಿಗಳಲ್ಲಿ ಯಕೃತ್ತಿನ ಕ್ಯಾನ್ಸರಿನ ಮೇಲೆ ಬೀರುವ ಪರಿಣಾಮವನ್ನು 1990ರ ದಶಕದಲ್ಲಿ ಮದ್ರಾಸಿನ ಸಂಶೋಧಕರು ಅಧ್ಯಯನ ಮಾಡಿದ್ದಾರೆ. ಆ ಸಾಲಿನ ಕೆಲಸ ಪ್ರಾಣಿಪ್ರಯೋಗದ ಸಾಕ್ಷ್ಯ. ಮನುಷ್ಯರ ಚಿಕಿತ್ಸೆಗೆ ಅದೊಂದೇ ಆಧಾರವಾಗದು.

ಮಣಿಪಾಲದ ವಿಕಿರಣ ಜೀವಶಾಸ್ತ್ರ

ಸಸ್ಯವಸ್ತುವೂ ಕ್ಯಾನ್ಸರ್ ಚಿಕಿತ್ಸೆಯೂ ಉಡುಪಿ ಜಿಲ್ಲೆಯಲ್ಲಿ ಆಧುನಿಕ ವಿಜ್ಞಾನದ ನೆಲೆಯಲ್ಲಿ ಒಂದುಗೂಡಿದ್ದು ಮಣಿಪಾಲದಲ್ಲಿ. ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ವಿಕಿರಣ ಜೀವಶಾಸ್ತ್ರ ವಿಭಾಗದಲ್ಲಿ ಪಿ. ಉಮಾದೇವಿ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ ನಡೆಸಿದ ಕೆಲಸ ಈ ದೃಷ್ಟಿಯಿಂದ ಮಹತ್ವದ್ದು. ಅಶ್ವಗಂಧದ ಸಾರ ಇಲಿಯ ಸಾರ್ಕೋಮಾ 180 ಗಡ್ಡೆಯ ಬೆಳವಣಿಗೆಯನ್ನು ತಗ್ಗಿಸುತ್ತದೆ ಎಂದು 1992ರಲ್ಲಿ ವರದಿ ಮಾಡಿದ ಅವರು, ಮುಂದೆ ಅದರೊಳಗಿನ ವಿಥಾಫೆರಿನ್ ಎ ಎಂಬ ಶುದ್ಧ ವಸ್ತುವಿನ ಕಡೆಗೆ ಹೊರಳಿದರು. 1995 ಮತ್ತು 1996ರ ಪ್ರಬಂಧಗಳಲ್ಲಿ, ಇಲಿಯ ಎರ್ಲಿಶ್ ಗಡ್ಡೆಗೆ ವಿಕಿರಣ ಕೊಡುವ ಮೊದಲು ವಿಥಾಫೆರಿನ್ ಎ ಕೊಟ್ಟರೆ ವಿಕಿರಣದ ಪರಿಣಾಮ ಹೆಚ್ಚುತ್ತದೆ ಎಂದು ತೋರಿಸಿದರು. ಈ ಕೆಲಸದಲ್ಲಿ ಮಣಿಪಾಲದ ಔಷಧ ವಿಜ್ಞಾನ ಕಾಲೇಜಿನವರೂ ಜೊತೆಗಿದ್ದರು.

ಇದೇ ತಂಡ ಚಿತ್ರಮೂಲದ ಪ್ಲಂಬಾಜಿನ್ ವಸ್ತುವನ್ನೂ ಕೈಗೆತ್ತಿಕೊಂಡಿತು. ಇಲಿಯ ಮೆಲನೋಮಾ ಕೋಶಗಳನ್ನು ಪ್ಲಂಬಾಜಿನ್ ವಿಕಿರಣಕ್ಕೆ ಹೆಚ್ಚು ಈಡಾಗುವಂತೆ ಮಾಡುತ್ತದೆ ಎಂಬ ಪ್ರಬಂಧ 1996ರಲ್ಲಿ ಬಂತು. ಅದರ ಜೊತೆಗೆ ವಿರುದ್ಧ ದಿಕ್ಕಿನ ಕೆಲಸವೂ ನಡೆಯಿತು. ತುಳಸಿಯ ಓರಿಯೆಂಟಿನ್ ಮತ್ತು ವಿಸೆನಿನ್ ಎಂಬ ಫ್ಲೇವನಾಯ್ಡುಗಳನ್ನು ದೇಹತೂಕದ ಕಿಲೋಗ್ರಾಮಿಗೆ 50 ಮೈಕ್ರೋಗ್ರಾಂನಂಥ ಅಲ್ಪ ಪ್ರಮಾಣದಲ್ಲಿ ಮೊದಲೇ ಕೊಟ್ಟರೆ, ಮಾರಕ ವಿಕಿರಣಕ್ಕೆ ಒಡ್ಡಿದ ಇಲಿಗಳಲ್ಲಿ ಬದುಕುಳಿಯುವವು ಹೆಚ್ಚು ಎಂದು 1999ರಲ್ಲಿ ವರದಿಯಾಯಿತು.

ಮಣಿಪಾಲದ ಈ ಎರಡು ಬಗೆಯ ಕೆಲಸವನ್ನು ಒಟ್ಟಿಗೆ ಇಟ್ಟು ನೋಡಬೇಕು. ಒಂದು, ಗಡ್ಡೆಯನ್ನು ವಿಕಿರಣಕ್ಕೆ ಸುಲಭ ತುತ್ತಾಗಿಸುವುದು. ಇನ್ನೊಂದು, ಆರೋಗ್ಯವಂತ ಅಂಗಾಂಶವನ್ನು ಕಾಯುವುದು. ಎರಡೂ ಸೇರಿದಾಗಲೇ ಚಿಕಿತ್ಸೆ. ಸಸ್ಯವಸ್ತು ಒಂಟಿಯಾಗಿ ಕ್ಯಾನ್ಸರನ್ನು ಗೆಲ್ಲುತ್ತದೆ ಎಂಬ ಕಲ್ಪನೆಯ ಬದಲು, ಇರುವ ಚಿಕಿತ್ಸೆಗೆ ಅದು ನೆರವಾಗಬಹುದೇ ಎಂದು ಇಲ್ಲಿ ಕೇಳಲಾಯಿತು. ಕ್ಯಾನ್ಸರ್ ಕೋಶವನ್ನೂ ಆರೋಗ್ಯವಂತ ಕೋಶವನ್ನೂ ಬೇರ್ಪಡಿಸುವ ಆಯ್ಕೆಯ ಪ್ರಶ್ನೆಯನ್ನು ಉಡುಪಿ ಜಿಲ್ಲೆಯ ಮಣ್ಣಿನಲ್ಲೇ ನಿಂತು ಸ್ಪಷ್ಟವಾಗಿ ಕೇಳಿದ ಕೆಲಸವೆಂದು ಇದನ್ನು ಗುರುತಿಸಬೇಕು.

ಜಕ್ಕೂರಿನ ಪ್ರಯೋಗ: 2003

ಅನಾಕಾರ್ಡಿಕ್ ಆಮ್ಲದ ವಿಷಯದಲ್ಲಿ ಆ ಹೊತ್ತಿಗೆ ಗೊತ್ತಿದ್ದದ್ದು ಕಡಿಮೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಸಾವೋ ಕುಬೋ ತಂಡ 1993ರಲ್ಲಿ ಗೇರುಹಣ್ಣಿನ ರಸದಿಂದ ಅನಾಕಾರ್ಡಿಕ್ ಆಮ್ಲಗಳನ್ನೂ ಕಾರ್ಡಾಲ್‌ಗಳನ್ನೂ ಬೇರ್ಪಡಿಸಿ, ಅವು ಸ್ತನ ಕ್ಯಾನ್ಸರಿನ ಬಿಟಿ-20 ಮತ್ತು ಗರ್ಭಕೊರಳ ಕ್ಯಾನ್ಸರಿನ ಹೀಲಾ ಕೋಶಗಳನ್ನು ಸಾಧಾರಣ ಮಟ್ಟದಲ್ಲಿ ಕೊಲ್ಲುತ್ತವೆ ಎಂದು ತೋರಿಸಿತ್ತು. ಹೇಗೆ ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು.

ಅದಕ್ಕೆ ಒಂದು ಉತ್ತರ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಿಂದ ಬಂತು. ಅಲ್ಲಿ ತಪಸ್ ಕುಮಾರ್ ಕುಂಡು ಅವರ ಪ್ರಯೋಗಾಲಯ ವಂಶವಾಹಿಗಳು ಚಾಲೂ ಆಗುವ, ನಿಲ್ಲುವ ಕ್ರಮವನ್ನು ಅಧ್ಯಯನ ಮಾಡುತ್ತಿತ್ತು. ಅದನ್ನು ತಿಳಿಯಲು ಸ್ವಲ್ಪ ಹಿನ್ನೆಲೆ ಬೇಕು. ಕೋಶಕೇಂದ್ರದಲ್ಲಿ ಡಿಎನ್‌ಎ ಎಳೆ ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲೆ ಉಂಡೆಗೆ ಸುತ್ತಿದ ನೂಲಿನ ಹಾಗೆ ಸುತ್ತಿಕೊಂಡಿರುತ್ತದೆ. ಹಿಸ್ಟೋನಿನ ಲೈಸಿನ್ ಎಂಬ ಭಾಗಕ್ಕೆ ಧನವಿದ್ಯುದಂಶವಿದೆ, ಡಿಎನ್‌ಎಗೆ ಋಣವಿದ್ಯುದಂಶವಿದೆ. ಹಾಗಾಗಿ ಎರಡೂ ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಲೈಸಿನ್‌ಗೆ ಅಸಿಟೈಲ್ ಗುಂಪೊಂದು ಸೇರಿದರೆ ಆ ಧನಾಂಶ ಹೋಗಿ ಹಿಡಿತ ಸಡಿಲವಾಗುತ್ತದೆ, ಅಲ್ಲಿನ ವಂಶವಾಹಿಯನ್ನು ಓದಲು ದಾರಿಯಾಗುತ್ತದೆ. ಅಸಿಟೈಲ್ ಸೇರಿಸುವ ಕೆಲಸ ಹಿಸ್ಟೋನ್ ಅಸಿಟೈಲ್‌ಟ್ರಾನ್ಸ್‌ಫರೇಸ್ ಕಿಣ್ವಗಳದ್ದು. ಅವುಗಳಲ್ಲಿ ಪ್ರಮುಖವಾದದ್ದು ಪಿ300. ಅದಕ್ಕೆ ಈ ಸಾಮರ್ಥ್ಯ ಇದೆಯೆಂದು ಗೊತ್ತಾದದ್ದು 1996ರಲ್ಲಿ. ಹಲವು ಕ್ಯಾನ್ಸರ್‌ಗಳಲ್ಲಿ ಕೋಶ ಬೆಳೆಯಲು, ಹರಡಲು ಬೇಕಾದ ವಂಶವಾಹಿಗಳು ಸದಾ ತೆರೆದಿರುವುದಕ್ಕೆ ಇಂಥ ಕಿಣ್ವಗಳ ಅತಿಚಟುವಟಿಕೆಯೂ ಒಂದು ಕಾರಣ.

ಆವರೆಗೆ ಪಿ300 ತಡೆಯಲು ಇದ್ದ ಕೃತಕ ವಸ್ತು ಕೋಶದೊಳಗೆ ಹೋಗಲಾರದಾಗಿತ್ತು. 2003ರಲ್ಲಿ ಬಾಲಸುಬ್ರಮಣ್ಯಂ, ಸ್ವಾಮಿನಾಥನ್, ರಂಗನಾಥನ್ ಮತ್ತು ಕುಂಡು ಅಮೆರಿಕದ ಜರ್ನಲ್ ಆಫ್ ಬಯಲಾಜಿಕಲ್ ಕೆಮಿಸ್ಟ್ರಿಯಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಗೇರುಸಿಪ್ಪೆಯ ಎಣ್ಣೆಯಿಂದ ತೆಗೆದ ಅನಾಕಾರ್ಡಿಕ್ ಆಮ್ಲ ಪಿ300 ಮತ್ತು ಪಿಸಿಎಎಫ್ ಎಂಬ ಎರಡು ಕಿಣ್ವಗಳನ್ನು ತಡೆಯುತ್ತದೆ ಎಂದು ತೋರಿಸಿದರು. ಪಿ300ರ ಚಟುವಟಿಕೆ ಅರ್ಧಕ್ಕೆ ಇಳಿಯಲು ಬೇಕಾದದ್ದು ಸುಮಾರು 8.5 ಮೈಕ್ರೋಮೋಲಾರ್ ಸಾಂದ್ರತೆ. ಆಮ್ಲದ ಅಣುತೂಕ ಸುಮಾರು 348 ಎಂದು ಲೆಕ್ಕ ಹಾಕಿದರೆ ಇದು ಲೀಟರಿಗೆ ಸುಮಾರು 3 ಮಿಲಿಗ್ರಾಂ. ಹಿಸ್ಟೋನ್ ಸುತ್ತಿದ ಡಿಎನ್‌ಎಯಿಂದ ಸಂದೇಶ ಓದುವುದು ನಿಂತಿತು, ಬರಿಯ ಡಿಎನ್‌ಎಯಿಂದ ಓದುವುದು ನಿಲ್ಲಲಿಲ್ಲ. ಅಂದರೆ ತಡೆ ಬಿದ್ದದ್ದು ಅಸಿಟೈಲ್ ಸೇರಿಸುವ ಹಂತಕ್ಕೆ.

ಅದೇ ಪ್ರಬಂಧದಲ್ಲಿ ಇನ್ನೊಂದು ಅಚ್ಚರಿಯೂ ಇತ್ತು. ಇದೇ ಆಮ್ಲದ ರಚನೆಯನ್ನು ಆಧರಿಸಿ ತಯಾರಿಸಿದ ಸಿಟಿಪಿಬಿ ಎಂಬ ಅಮೈಡ್, ಪಿ300 ಕಿಣ್ವವನ್ನು ತಡೆಯುವ ಬದಲು ಉತ್ತೇಜಿಸಿತು. ಅಣುವಿನ ತಲೆಯ ಭಾಗದ ಬದಲಾವಣೆಯಿಂದ ಪರಿಣಾಮ ತಿರುವುಮುರುವಾಯಿತು. ಗೇರುಸಿಪ್ಪೆಯ ಆಮ್ಲವನ್ನು ತಿದ್ದಿ ತೀಡಿ ಹೊಸ ವಸ್ತುಗಳನ್ನು ಕಟ್ಟಬಹುದು ಎಂಬುದಕ್ಕೆ ಇದು ಗಟ್ಟಿ ಸಾಕ್ಷಿ. ಸಿಟಿಪಿಬಿ ತಾನಾಗಿ ಕೋಶದೊಳಗೆ ಹೋಗದು. ಅದನ್ನು ಇಂಗಾಲದ ನ್ಯಾನೋ ಗೋಳಗಳ ಮೇಲೆ ಹೊರಿಸಿ ಇಲಿಯ ದೇಹದಲ್ಲಿ ಕೋಶಕೇಂದ್ರಕ್ಕೆ ತಲುಪಿಸುವ ಕ್ರಮವನ್ನು ಜಕ್ಕೂರಿನವರೇ 2008ರಲ್ಲಿ ವರದಿ ಮಾಡಿದರು. ಬೆಂಗಳೂರಿನ ವಿಠ್ಠಲ ಮಲ್ಯ ವೈಜ್ಞಾನಿಕ ಸಂಶೋಧನಾ ಪ್ರತಿಷ್ಠಾನದವರು ಈ ಆಮ್ಲದ ಬೆಂಜಮೈಡ್ ಉತ್ಪನ್ನಗಳನ್ನು ತಯಾರಿಸಿ ಕ್ಯಾನ್ಸರ್ ಕೋಶಗಳ ಮೇಲೆ ಪರೀಕ್ಷಿಸಿದರು. ಮೈಸೂರು ವಿಶ್ವವಿದ್ಯಾಲಯದ ಸಂಶೋಧಕರು 2012ರ ಸಮೀಕ್ಷಾ ಪ್ರಬಂಧದಲ್ಲಿ ಈ ಎಲ್ಲ ಕೆಲಸವನ್ನು ಒಟ್ಟುಗೂಡಿಸಿದರು.

ಪುನರ್ಪುಳಿ, ಅರಿಶಿನ, ಚಿತ್ರಮೂಲ

ಜಕ್ಕೂರಿನ ತಂಡ ಗೇರಿಗೆ ನಿಲ್ಲಲಿಲ್ಲ. ಪುನರ್ಪುಳಿಯ ಸಿಪ್ಪೆಯಲ್ಲಿರುವ ಗಾರ್ಸಿನಾಲ್ ಕೂಡ ಪಿ300 ಮತ್ತು ಪಿಸಿಎಎಫ್ ಎರಡನ್ನೂ ತಡೆಯುತ್ತದೆ, ಹೀಲಾ ಕೋಶಗಳನ್ನು ಯೋಜಿತ ಸಾವಿಗೆ ದೂಡುತ್ತದೆ ಎಂದು 2004ರಲ್ಲಿ ತೋರಿಸಿತು. ಗಾರ್ಸಿನಾಲ್‌ನ ರಚನೆಯನ್ನು 1981ರಲ್ಲಿ ನಿರೂಪಿಸಿದವರಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಕೃಷ್ಣಮೂರ್ತಿ, ಲೂಯಿಸ್ ಮತ್ತು ರವೀಂದ್ರನಾಥ್ ಇದ್ದರು. ಕರಾವಳಿಯ ಮನೆಗಳಲ್ಲಿ ಬೇಸಗೆಯ ಶರಬತ್ತಿಗೆ ಒಣಗಿಸಿಡುವ ಹಣ್ಣಿನ ರಸಾಯನಶಾಸ್ತ್ರ ಮೈಸೂರಿನಲ್ಲಿ, ಅದರ ಜೀವಶಾಸ್ತ್ರ ಬೆಂಗಳೂರಿನಲ್ಲಿ ತೆರೆದುಕೊಂಡಿತು. ಅದೇ 2004ರಲ್ಲಿ ಅರಿಶಿನದ ಕರ್ಕ್ಯುಮಿನ್ ಪಿ300 ತಡೆಯುತ್ತದೆ ಎಂಬ ಪ್ರಬಂಧವೂ ಬಂತು. 2010ರಲ್ಲಿ ಬಾಯಿ ಕ್ಯಾನ್ಸರಿನ ಗಡ್ಡೆಗಳಲ್ಲಿ ಹಿಸ್ಟೋನ್ ಅಸಿಟೈಲೀಕರಣ ಅತಿಯಾಗಿರುವುದನ್ನು ಕಂಡುಕೊಂಡ ತಂಡ, ಕರ್ಕ್ಯುಮಿನ್‌ನಿಂದ ತಯಾರಿಸಿದ ನೀರಿನಲ್ಲಿ ಕರಗುವ ಸಿಟಿಕೆ7ಎ ಎಂಬ ವಸ್ತು ಇಲಿಯಲ್ಲಿ ನಾಟಿ ಮಾಡಿದ ಮನುಷ್ಯರ ಬಾಯಿ ಕ್ಯಾನ್ಸರ್ ಗಡ್ಡೆಯ ಬೆಳವಣಿಗೆಯನ್ನು ತಗ್ಗಿಸುತ್ತದೆ ಎಂದು ವರದಿ ಮಾಡಿತು. ಎಲೆಅಡಿಕೆ, ಹೊಗೆಸೊಪ್ಪಿನ ಚಟ ಇರುವ ನಮ್ಮ ನಾಡಿಗೆ ಬಾಯಿ ಕ್ಯಾನ್ಸರಿನ ಈ ಅಧ್ಯಯನ ತೀರ ಹತ್ತಿರದ್ದು.

2009ರಲ್ಲಿ ಪ್ಲಂಬಾಜಿನ್ ಸರದಿ. ಮಣಿಪಾಲದವರು 1996ರಲ್ಲಿ ವಿಕಿರಣದ ಪರಿಣಾಮ ಹೆಚ್ಚಿಸುವ ವಸ್ತುವೆಂದು ಗುರುತಿಸಿದ್ದ ಅದೇ ಚಿತ್ರಮೂಲದ ಸತ್ವ ಪಿ300 ತಡೆಯುತ್ತದೆ, ಅದಕ್ಕೆ ಅಣುವಿನಲ್ಲಿರುವ ಹೈಡ್ರಾಕ್ಸಿಲ್ ಗುಂಪು ಅಗತ್ಯ ಎಂದು ಜಕ್ಕೂರಿನವರು ತೋರಿಸಿದರು. ಕರ್ನಾಟಕದ ಎರಡು ಪ್ರಯೋಗಾಲಯಗಳು ಬೇರೆ ಬೇರೆ ದಾರಿಯಲ್ಲಿ ಒಂದೇ ಗಿಡದ ಬುಡಕ್ಕೆ ಬಂದಿದ್ದವು.

ವಿಕಿರಣದ ಕೊಂಡಿ

ಅನಾಕಾರ್ಡಿಕ್ ಆಮ್ಲಕ್ಕೂ ಮಣಿಪಾಲದ ಪ್ರಶ್ನೆಗೂ ಕೊಂಡಿ ಬೆಸೆದದ್ದು 2006ರಲ್ಲಿ ಬಾಸ್ಟನ್ನಿನಿಂದ ಬಂದ ಒಂದು ಪ್ರಬಂಧ. ವಿಕಿರಣ ತಗುಲಿದಾಗ ಕೋಶದ ಡಿಎನ್‌ಎ ತುಂಡಾಗುತ್ತದೆ. ಟಿಪ್60 ಎಂಬ ಇನ್ನೊಂದು ಅಸಿಟೈಲ್‌ಟ್ರಾನ್ಸ್‌ಫರೇಸ್ ಆಗ ಎಟಿಎಂ ಎಂಬ ಪ್ರೋಟೀನನ್ನು ಎಚ್ಚರಿಸುತ್ತದೆ, ಎಟಿಎಂ ದುರಸ್ತಿಯ ಕೆಲಸ ಶುರುಮಾಡಿಸುತ್ತದೆ. ಕ್ಯಾನ್ಸರ್ ಕೋಶ ಈ ದುರಸ್ತಿಯ ಬಲದಿಂದ ವಿಕಿರಣ ಚಿಕಿತ್ಸೆಯನ್ನು ತಾಳಿಕೊಳ್ಳಬಹುದು. ಬಾಸ್ಟನ್ನಿನ ಬ್ರೆಂಡನ್ ಪ್ರೈಸ್ ತಂಡ ಹೀಲಾ ಕೋಶಗಳಿಗೆ ಅನಾಕಾರ್ಡಿಕ್ ಆಮ್ಲ ಕೊಟ್ಟಾಗ ಟಿಪ್60 ತಡೆಗೊಂಡಿತು, ಎಟಿಎಂ ಎಚ್ಚರಗೊಳ್ಳಲಿಲ್ಲ, ಕೋಶಗಳು ವಿಕಿರಣಕ್ಕೆ ಹೆಚ್ಚು ಬಲಿಯಾದವು. ಅಶ್ವಗಂಧ ಮತ್ತು ಚಿತ್ರಮೂಲದ ವಸ್ತುಗಳಲ್ಲಿ ಮಣಿಪಾಲ ಹತ್ತು ವರ್ಷಗಳ ಹಿಂದೆ ಹುಡುಕಿದ್ದ ಗುಣವೇ ಕಾರ್ಕಳದ ಕಾರ್ಖಾನೆಗಳ ಸಿಪ್ಪೆಯಲ್ಲಿರುವ ಆಮ್ಲದಲ್ಲೂ ಕಾಣಿಸಿತು.

2011ರಲ್ಲಿ ಇಲಿಯಲ್ಲಿ ನಾಟಿ ಮಾಡಿದ ಪ್ರೊಸ್ಟೇಟ್ ಗಡ್ಡೆಗಳ ಮೇಲಿನ ಪ್ರಯೋಗವೊಂದು ಅನಾಕಾರ್ಡಿಕ್ ಆಮ್ಲ ಗಡ್ಡೆಗೆ ಹೊಸ ರಕ್ತನಾಳ ಹುಟ್ಟುವುದನ್ನು ತಡೆಯುತ್ತದೆ ಎಂದು ವರದಿ ಮಾಡಿತು. ಅಲ್ಲಿ ಗುರಿಯಾಗಿದ್ದದ್ದು ಹಿಸ್ಟೋನ್ ಕಿಣ್ವವಲ್ಲ, ಸರ್ಕ್ ಮತ್ತು ಎಫ್‌ಎಕೆ ಎಂಬ ಸಂಕೇತವಾಹಕ ಪ್ರೋಟೀನುಗಳು. ಹೀಗೆ ವರ್ಷ ಕಳೆದಂತೆ ಈ ಒಂದು ಆಮ್ಲದ ಗುರಿಗಳ ಪಟ್ಟಿ ಬೆಳೆಯುತ್ತ ಹೋಯಿತು.

ಆಕ್ಷೇಪದ ಕಾಲ

ಪಟ್ಟಿ ಬೆಳೆದದ್ದು ಮೇಲ್ನೋಟಕ್ಕೆ ಶಕ್ತಿಯ ಲಕ್ಷಣ. ಔಷಧ ವಿಜ್ಞಾನದ ಕಣ್ಣಿಗೆ ಅದು ಎಚ್ಚರಿಕೆಯ ಗಂಟೆ. ನೀರಿಗೂ ಕೊಬ್ಬಿಗೂ ಒಗ್ಗುವ ಅಣುಗಳು ಒಂದು ಮಿತಿ ಮೀರಿದರೆ ತಾವೇ ಗುಂಪುಗೂಡಿ ಸಣ್ಣ ಕಣಗಳಾಗುತ್ತವೆ. ಆ ಕಣಗಳು ಎದುರಾದ ಕಿಣ್ವವನ್ನೆಲ್ಲ ಮೈಗೆ ಅಂಟಿಸಿಕೊಂಡು ನಿಷ್ಕ್ರಿಯಗೊಳಿಸಬಲ್ಲವು. ಆಗ ಪ್ರಯೋಗದಲ್ಲಿ ತಡೆ ಕಂಡರೂ ಅದು ಆ ಕಿಣ್ವಕ್ಕೇ ಮೀಸಲಾದ ತಡೆಯಾಗಿರದು. ಮಾರ್ಜಕವೊಂದನ್ನು ತುಸು ಸೇರಿಸಿದ ಮೇಲೂ ತಡೆ ಉಳಿಯುತ್ತದೆಯೇ ಎಂದು ನೋಡುವುದು ಇದನ್ನು ಪತ್ತೆಹಚ್ಚುವ ಒಂದು ಸರಳ ಪರೀಕ್ಷೆ.

2017ರಲ್ಲಿ ಅಮೆರಿಕದ ಸಂಶೋಧಕರು ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಈ ವಿಷಯವನ್ನೇ ಕೈಗೆತ್ತಿಕೊಂಡರು. ಹಿಸ್ಟೋನ್ ಅಸಿಟೈಲ್‌ಟ್ರಾನ್ಸ್‌ಫರೇಸ್ ತಡೆಯುತ್ತವೆಂದು ಹೆಸರಾದ 23 ವಸ್ತುಗಳನ್ನು ಅವರು ಮರುಪರೀಕ್ಷಿಸಿದಾಗ 15ರಲ್ಲಿ ಪ್ರಯೋಗವನ್ನೇ ಕೆಡಿಸುವ ಅಥವಾ ಸಿಕ್ಕ ಪ್ರೋಟೀನಿಗೆಲ್ಲ ಅಂಟುವ ಗುಣ ಕಂಡಿತು. ಅದೇ ವರ್ಷ ಬಂದ ಇನ್ನೊಂದು ಸಮೀಕ್ಷೆ, ಕರ್ಕ್ಯುಮಿನ್ ಮೇಲೆ 120ಕ್ಕೂ ಹೆಚ್ಚು ಮಾನವ ಪ್ರಯೋಗಗಳು ನಡೆದಿದ್ದರೂ ಕಟ್ಟುನಿಟ್ಟಿನ ಹೋಲಿಕಾ ಪ್ರಯೋಗದಲ್ಲಿ ಯಶಸ್ಸು ಕಂಡಿಲ್ಲ ಎಂದು ಹೇಳಿತು.

ಇದರಿಂದ ಹಿಂದಿನ ಕೆಲಸವೆಲ್ಲ ವ್ಯರ್ಥ ಎಂದು ತೀರ್ಮಾನಿಸುವುದು ಸರಿಯಲ್ಲ. 2017ರಲ್ಲೇ ನೇಚರ್ ಪತ್ರಿಕೆಯಲ್ಲಿ ಎ-485 ಎಂಬ ಕೃತಕ ಅಣುವಿನ ವರದಿ ಬಂತು. ಅದು ಪಿ300 ಮತ್ತು ಅದರ ಜೋಡಿ ಕಿಣ್ವ ಸಿಬಿಪಿಯನ್ನು ಮಾತ್ರ ಗುರಿಯಾಗಿಸಿ ತಡೆಯುತ್ತದೆ. ಪಿ300ರ ಬೇರೊಂದು ಭಾಗಕ್ಕೆ ಅಂಟುವ ಇನೊಬ್ರೊಡಿಬ್ ಎಂಬ ಔಷಧ ರಕ್ತದ ಕ್ಯಾನ್ಸರ್‌ಗಳಲ್ಲಿ ಮಾನವ ಪ್ರಯೋಗದ ಹಂತಕ್ಕೆ ಬಂದಿದೆ. ಈ ಕಿಣ್ವವನ್ನು ಸಣ್ಣ ಅಣುವಿನಿಂದ ತಡೆಯಬಹುದು, ತಡೆದರೆ ಕ್ಯಾನ್ಸರ್ ಕೋಶದ ನಡವಳಿಕೆ ಬದಲಾಗಬಹುದು ಎಂಬ ಆಲೋಚನೆಗೆ ಆರಂಭದ ದಿನಗಳಲ್ಲಿ ಬಲ ಕೊಟ್ಟವುಗಳಲ್ಲಿ ಗೇರುಸಿಪ್ಪೆಯ ಆಮ್ಲವೂ ಪುನರ್ಪುಳಿಯ ಗಾರ್ಸಿನಾಲ್ ಕೂಡ ಸೇರಿವೆ. ಔಷಧವಾಗದ ವಸ್ತುವೂ ಔಷಧದ ದಾರಿ ತೋರಿಸಬಲ್ಲದು. ಅನಾಕಾರ್ಡಿಕ್ ಆಮ್ಲದ ಚಾರಿತ್ರಿಕ ಸ್ಥಾನ ಇದೇ ಎಂದು ನಾನು ಭಾವಿಸುತ್ತೇನೆ.

ಉಪಸಂಹಾರ

ಈ ಚರಿತ್ರೆಯಿಂದ ಮೂರು ತೀರ್ಮಾನಗಳು ಹೊರಡುತ್ತವೆ.

ಮೊದಲನೆಯದು ರೋಗಿಗಳಿಗೆ ಮತ್ತು ಅವರ ಮನೆಯವರಿಗೆ ಸಂಬಂಧಿಸಿದ್ದು. ಗೇರೆಣ್ಣೆ, ಕರಿಗೇರಿನ ರಸ, ಚಿತ್ರಮೂಲದ ಬೇರು ಇವು ಯಾವುದನ್ನೂ ಕ್ಯಾನ್ಸರಿಗೆಂದು ಸ್ವಂತವಾಗಿ ಸೇವಿಸಬಾರದು. ತಟ್ಟೆಯಲ್ಲಿ ಕ್ಯಾನ್ಸರ್ ಕೋಶ ಸತ್ತಿತು ಎಂಬ ಸಾಕ್ಷ್ಯ ಬಾಯಿ, ಗಂಟಲು, ಯಕೃತ್ತು, ಮೂತ್ರಪಿಂಡಗಳ ಕೋಶಗಳು ಉಳಿಯುತ್ತವೆ ಎಂಬುದಕ್ಕೆ ಸಾಕ್ಷ್ಯವಲ್ಲ. ಗೇರಿನ ತಿರುಳು ಒಳ್ಳೆಯ ಆಹಾರ, ಪುನರ್ಪುಳಿ ಒಳ್ಳೆಯ ಪಾನೀಯ. ಅವನ್ನು ಆಹಾರವೆಂದೇ ಸೇವಿಸಬೇಕು. ಶಸ್ತ್ರಚಿಕಿತ್ಸೆ, ವಿಕಿರಣ, ಕಿಮೋಥೆರಪಿಗಳನ್ನು ಬಿಟ್ಟು ಗಿಡಮೂಲಿಕೆಯ ಹಿಂದೆ ಹೋಗಿ ಕಳೆದುಕೊಂಡ ತಿಂಗಳುಗಳನ್ನು ಯಾವ ಮೂಲಿಕೆಯೂ ಹಿಂದಿರುಗಿಸಿ ಕೊಡದು.

ಎರಡನೆಯದು ಸಂಶೋಧಕರಿಗೆ. ಕಚ್ಚಾ ವಸ್ತು ಕಾರ್ಕಳದಲ್ಲಿದೆ. ರಸಾಯನಶಾಸ್ತ್ರ, ಜೀವಶಾಸ್ತ್ರ, ವಿಕಿರಣ ಚಿಕಿತ್ಸೆ ಮೂರೂ ಮಣಿಪಾಲದಲ್ಲಿ ಒಂದೇ ಆವರಣದಲ್ಲಿವೆ. ಶೋಧನದ ಅನುಭವ ಕುತ್ಪಾಡಿಯಲ್ಲಿದೆ. ಇನ್ನೂ ಒಂದು ಕ್ಯಾನ್ಸರ್ ಕೋಶಪ್ರಕಾರವನ್ನು ಈ ಆಮ್ಲ ಕೊಲ್ಲುತ್ತದೆ ಎಂದು ತೋರಿಸುವ ಪ್ರಬಂಧ ಈಗ ಬೇಕಿಲ್ಲ. ಆಮ್ಲದ ನಾಲ್ಕು ರೂಪಗಳನ್ನು ಬೇರ್ಪಡಿಸಿ, ಪ್ರತಿಯೊಂದನ್ನೂ ಆರೋಗ್ಯವಂತ ಕೋಶದ ಜೊತೆಗಿಟ್ಟು ಹೋಲಿಸಿ, ಮಾರ್ಜಕದ ಪರೀಕ್ಷೆ ದಾಟಿಸಿ, ತಲೆಯನ್ನೂ ಬಾಲವನ್ನೂ ತಿದ್ದಿದ ಉತ್ಪನ್ನಗಳಲ್ಲಿ ಆಯ್ಕೆಯ ಗುಣ ಹೆಚ್ಚುತ್ತದೆಯೇ ಎಂದು ನೋಡುವ ಕೆಲಸ ಬೇಕು. ಶೋಧನದಿಂದ ಭಲ್ಲಾತಕದ ಯಾವ ವಸ್ತು ಎಷ್ಟು ಕಡಿಮೆಯಾಗುತ್ತದೆ, ಯಾವುದು ಉಳಿಯುತ್ತದೆ ಎಂದು ಅಳೆದರೆ ಹಳೆಯ ತಿಳಿವಳಿಕೆಯೂ ಹೊಸ ವಿಜ್ಞಾನವೂ ಒಂದೇ ಮೇಜಿನ ಮೇಲೆ ಬರುತ್ತವೆ.

ಮೂರನೆಯದು ಸಮಾಜಕ್ಕೆ. ಈ ಆಮ್ಲ ಮನುಷ್ಯರ ಕೋಶದ ಮೇಲೆ ಏನು ಮಾಡುತ್ತದೆ ಎಂಬುದನ್ನು ನಿತ್ಯ ಅನುಭವಿಸುತ್ತಿರುವವರು ಬೀಜದ ಫ್ಯಾಕ್ಟರಿಯ ಹೆಂಗಸರು. ಅವರ ಕೈಯ ಚರ್ಮದ ಸ್ಥಿತಿಯನ್ನು ವರ್ಷವರ್ಷವೂ ವೈದ್ಯರು ದಾಖಲಿಸಬೇಕು, ಎಣ್ಣೆ ಒಳಹೋಗದ ಕೈಗವಸು, ಕೈತೊಳೆಯುವ ಸೌಲಭ್ಯ ಕಡ್ಡಾಯವಾಗಬೇಕು. ಆ ದಾಖಲೆ ಯಾವ ಪ್ರಮಾಣದಲ್ಲಿ, ಎಷ್ಟು ಕಾಲದಲ್ಲಿ ಈ ವಸ್ತು ಆರೋಗ್ಯವಂತ ಕೋಶವನ್ನು ಕೆಡಿಸುತ್ತದೆ ಎಂಬ ತಿಳಿವಳಿಕೆಯನ್ನೂ ಕೊಡುತ್ತದೆ. ಔಷಧ ಸಂಶೋಧನೆಗೆ ಬೇಕಾದ ಮಾಹಿತಿಯೂ ಕಾರ್ಮಿಕರಿಗೆ ಸಲ್ಲಬೇಕಾದ ರಕ್ಷಣೆಯೂ ಇಲ್ಲಿ ಒಂದೇ ಕೆಲಸದಿಂದ ಸಿಗುತ್ತವೆ. ಉಡುಪಿ ಜಿಲ್ಲೆಯಲ್ಲಿ ಗೇರುಸಿಪ್ಪೆಯ ಮುಂದಿನ ಸಂಶೋಧನೆ ಈ ಕೆಲಸದಿಂದಲೇ ಆರಂಭವಾಗಬೇಕು.